ಅಣಬೆ ಮಾತ್ರೆಯೂ ನಮ್ಮವರ ದಾಕ್ಷಿಣ್ಯವೂ

ಸುರಕ್ಷತಾ ವಿಭಾಗದ ಮಾನ್ಯ ಮುಖ್ಯಸ್ಥರೇ,

ನಿಮ್ಮ ಕಂಪನಿ ಮಾರುವ ಅಣಬೆ ಮಾತ್ರೆಯ ವರದಿಯಲ್ಲಿ ಇಪ್ಪತ್ತಮೂರನೇ ನಂಬರಿನ ಮುಂದೆ, ‘ತೊಂದರೆಗಳು’ ಎಂಬ ಕಾಲಮ್ಮಿನಲ್ಲಿ, ಒಂದು ಸೊನ್ನೆ ಇದೆ. ಅದನ್ನು ತುಂಬಿದವಳು ನಾನು. ಅದು ಸುಳ್ಳೆಂದು ತುಂಬುವಾಗಲೇ ಗೊತ್ತಿತ್ತು. ನಿಮ್ಮ ಮೇಲ್ವಿಚಾರಕರೊಬ್ಬರನ್ನು ಬಿಟ್ಟರೆ ಎರಡು ತಿಂಗಳು ಯಾರಿಗೂ ಹೇಳಲಿಲ್ಲ.

ಆ ನಂಬರಿನ ಹೆಸರು ಅನುಸೂಯಮ್ಮ. ಮೈಸೂರಿನವರು, ಎಪ್ಪತ್ತೊಂದು ವರ್ಷ, ಇಲ್ಲಿ ಗ್ಲೆಂಡೇಲ್ ಹೈಟ್ಸ್‌ನಲ್ಲಿ ನಮ್ಮ ನೆರೆಯಲ್ಲೇ ಇರುವ ಮಗಳು ಸುಹಾಸಿನಿಯ ಮನೆಗೆ ಬಂದಿದ್ದಾರೆ. ಹೆಸರು ಹಾಕಲೇ ಎಂದು ಕೇಳಿದೆ. “ಹಾಕಮ್ಮ, ನಾನೇನು ಕಳ್ಳತನ ಮಾಡಿದೀನಾ” ಎಂದರು. ಇದನ್ನು ನಿಮಗೆ ಇಂಗ್ಲಿಷಿನಲ್ಲೂ ಕಳಿಸಿದ್ದೇನೆ. ಕನ್ನಡದಲ್ಲಿ ಬರೆದದ್ದು ನಿಮ್ಮ ಮಾತ್ರೆ ನುಂಗುತ್ತಿರುವವರಿಗಾಗಿ.

ನಿಮ್ಮ ವಿಧಾನವನ್ನು ಮೆಚ್ಚಲೇಬೇಕು. ದೀರ್ಘಕಾಲ ಬಳಸಿದರೆ ಏನಾಗುತ್ತದೆಂದು ತಿಳಿಯಲು, ಪ್ರವಾಸಿ ವೀಸಾದ ಮೇಲೆ ಆರು ತಿಂಗಳಿಗಿಂತ ಹೆಚ್ಚು ಈ ದೇಶದಲ್ಲಿ ಇರಲಾಗದವರನ್ನೇ ಆರಿಸಿಕೊಂಡಿರಿ: ಮಕ್ಕಳ ಮನೆಗೆ ಬಂದ ನಲವತ್ತೊಂದು ಅಜ್ಜ ಅಜ್ಜಿಯರು. ಏಳನೇ ತಿಂಗಳಲ್ಲಿ ಏನಾದರೂ ಆದರೆ ಅದು ಸಮುದ್ರದಾಚೆ ಆಗುತ್ತದೆ, ನಿಮ್ಮ ವರದಿಗೆ ಸೋಕುವುದಿಲ್ಲ. ಅಷ್ಟಾದರೂ ಕಾದಿರಾ? ಐದನೇ ತಿಂಗಳಿಗೇ ಡಬ್ಬಿಯ ಮೇಲೆ ‘ದೀರ್ಘ ಬಳಕೆಗೆ ಸುರಕ್ಷಿತ’ ಎಂದು ಮುದ್ರಿಸಿದಿರಿ.

ಪರೀಕ್ಷೆ ಎಂದರೆ ರಕ್ತ ತೆಗೆಯಲಿಲ್ಲ, ಡಾಕ್ಟರನ್ನು ಕರೆಯಲಿಲ್ಲ. ಹೈಸ್ಕೂಲು ಅರ್ಧಕ್ಕೆ ಬಿಟ್ಟು, ಒಂದು ಕೆಲಸದಲ್ಲೂ ಮೂರು ತಿಂಗಳು ನಿಲ್ಲದ ನನ್ನನ್ನು ಹಿಡಿದು, ತಿಂಗಳಿಗೊಮ್ಮೆ ಫೋನ್ ಮಾಡಿ ಹದಿನಾಲ್ಕು ಪ್ರಶ್ನೆ ಕೇಳಲು ಹೇಳಿದಿರಿ. ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂಬ ಪ್ರಶ್ನೆ ಆ ಹದಿನಾಲ್ಕರಲ್ಲಿ ಇರಲಿಲ್ಲ. ಮುಖ್ಯಸ್ಥರೇ, ಮೊಮ್ಮಗಳ ವಯಸ್ಸಿನ ಹುಡುಗಿ ಕೆಲಸದ ಮೇಲೆ ಫೋನ್ ಮಾಡಿ “ಏನಾದ್ರೂ ತೊಂದ್ರೆ ಇದೆಯಾ?” ಎಂದರೆ ನಮ್ಮ ಹಿರಿಯರು ಕೊಡುವ ಉತ್ತರ ಒಂದೇ. “ಏನೂ ಇಲ್ಲ ಪುಟ್ಟಿ, ಚೆನ್ನಾಗಿದೀವಿ. ನಿನ್ನ ಊಟ ಆಯ್ತಾ?” ನಿಮ್ಮ ಕೈಯಲ್ಲಿರುವುದು ಅಣಬೆಯ ಗುಣವಲ್ಲ, ನಮ್ಮವರ ದಾಕ್ಷಿಣ್ಯ. ಅದು ದೀರ್ಘ ಬಳಕೆಗೆ ಸುರಕ್ಷಿತ ಎಂದು ನಾನೂ ಒಪ್ಪುತ್ತೇನೆ.

ನಾಲ್ಕನೇ ತಿಂಗಳಲ್ಲಿ ಅನುಸೂಯಮ್ಮ ಊಟಕ್ಕೆ ಕರೆದರು. ಸಾರು ಬಡಿಸುವಾಗ ಸ್ವೆಟರಿನ ತೋಳು ಮೇಲೆ ಸರಿಯಿತು. ಮುಂಗೈಯಿಂದ ಮೊಣಕೈವರೆಗೆ ನೇರಳೆ ಬಣ್ಣದ ಕಲೆಗಳು.

“ಏನಜ್ಜಿ ಇದು?”

“ಬಾಗಿಲು ತಾಕಿತೇನೋ. ಅನ್ನ ಹಾಕ್ಕೋ.”

“ಇಷ್ಟೊಂದು ಬಾಗಿಲಾ? ಫೋನಲ್ಲಿ ಯಾಕೆ ಹೇಳ್ಲಿಲ್ಲ?”

“ಹೇಳಿ, ನಿನ್ನ ಕೆಲಸ ಹೋದ್ರೆ? ಓದಂತೂ ನಿನ್ನ ತಲೆಗೆ ಹತ್ತಲಿಲ್ಲ.”

ಅವರು ಹೃದಯಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಾರೆ ಎಂಬುದು ಆವತ್ತೇ ತಿಳಿಯಿತು; ಎರಡು ಮಾತ್ರೆಯೂ ಸೇರಿ ಚರ್ಮದಡಿ ರಕ್ತ ಸೋರುತ್ತಿದೆಯೇನೋ ಎಂದು ಭಯವಾಯಿತು. ಮರುದಿನ ನಿಮ್ಮ ಮೇಲ್ವಿಚಾರಕ ಪ್ರಸಾದರಿಗೆ ಹೇಳಿದೆ. “ಫೋನಲ್ಲಿ ಹೇಳಿದ್ರಾ? ಇಲ್ವಲ್ಲ. ಹಾಗಾದ್ರೆ ಜೀರೋ ಹಾಕಿ” ಎಂದರು. ಹಾಕಿದೆ. ಮುಂದಿನ ತಿಂಗಳೂ ಹಾಕಿದೆ. ಈ ಕೆಲಸವನ್ನಾದರೂ ಉಳಿಸಿಕೊಳ್ಳಬೇಕೆಂಬ ಆಸೆ ಇತ್ತು. ಅದು ಕಾರಣ, ಕ್ಷಮೆಗೆ ದಾರಿಯಲ್ಲ. ಮೊನ್ನೆ ಕೆಲಸ ಬಿಟ್ಟೆ.

ಕಲೆಗಳು ಅಣಬೆಯಿಂದಲೇ ಬಂದವೇ? ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಆದರೆ ನಾನು ಡಬ್ಬಿಯ ಮೇಲೆ ಏನನ್ನೂ ಮುದ್ರಿಸಿಲ್ಲ.

ನಿನ್ನೆ ಅವರ ಮನೆಗೆ ಹೋಗಿ, ಮಾತ್ರೆ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ ಎಂದು ಬೇಡಿಕೊಂಡೆ. ನೀವು ಉಡುಗೊರೆಯಾಗಿ ಕೊಟ್ಟ ಎಂಟು ಡಬ್ಬಿಗಳು ಆಗಲೇ ಸೂಟ್‌ಕೇಸಿನಲ್ಲಿದ್ದವು. ಸುಹಾಸಿನಿ ಆಂಟಿ ನಿಮ್ಮ ವರದಿಯನ್ನೇ ನನ್ನ ಮುಂದೆ ಹಿಡಿದು, “ಸ್ಟಡಿ ಮಾಡಿದಾರೆ ಚೈತ್ರ, ಒಬ್ಬರಿಗೂ ಏನೂ ಆಗಿಲ್ಲ. ಅವರಿಗಿಂತ ನಿಂಗೆ ಜಾಸ್ತಿ ಗೊತ್ತಾ?” ಎಂದರು. ಅನುಸೂಯಮ್ಮ ನಕ್ಕರು. “ನೀನೇ ಕೇಳಿ ಬರ್ಕೊಂಡೆಯಲ್ಲಮ್ಮ. ಈಗ ನೀನೇ ನಂಬಲ್ಲ ಅಂದ್ರೆ?”

ಅನುಸೂಯಮ್ಮ ತಾವೇ ಮುಚ್ಚಿಟ್ಟದ್ದರಿಂದ ತಯಾರಾದ ವರದಿಯನ್ನು ನಂಬಿದ್ದಾರೆ. ಶಾಲೆ ಬಿಟ್ಟವಳ ಮಾತು ಅದರೆದುರು ನಿಲ್ಲುವುದಿಲ್ಲ. ಆದ್ದರಿಂದ ನೀವೇ ಹೇಳಬೇಕು. ನಲವತ್ತೊಂದು ಮನೆಗಳಿಗೂ, ಊರಿಗೆ ಮರಳಿದವರಿಗೂ, ಈ ವರದಿ ಪರೀಕ್ಷೆಯಲ್ಲ ಎಂದು ಬರೆದು ತಿಳಿಸಿ. ಡಬ್ಬಿಯ ಮೇಲಿನ ಮಾತು ತೆಗೆಯಿರಿ. ರಕ್ತ ಪರೀಕ್ಷಿಸುವ, ತೋಳು ನೋಡುವ ಡಾಕ್ಟರನ್ನಿಟ್ಟು, ವರ್ಷಗಟ್ಟಲೆ ಹಿಂಬಾಲಿಸಿ, ಆಮೇಲೆ ಮಾರಿ. ಇಪ್ಪತ್ತಮೂರನೇ ನಂಬರಿಗೆ ಮಾತ್ರ ಇವತ್ತೇ ಫೋನ್ ಮಾಡಿ.

ಅನುಸೂಯಮ್ಮ ನಾಳೆ ಮಧ್ಯಾಹ್ನ ಹೊರಡುತ್ತಾರೆ.

ಇಂತಿ,
ನಿಮ್ಮ ವಿಜ್ಞಾನಕ್ಕೆ ಸೊನ್ನೆ ಒದಗಿಸಿದ,
ಚೈತ್ರ
ಗ್ಲೆಂಡೇಲ್ ಹೈಟ್ಸ್