ಚುಕ್ಕೆ ಬೇರಿನ ಕಡೆಗಿತ್ತು

ಮಾರ್ಚ್ ೯, ಭಾನುವಾರ

ಪ್ರೀತಿಯ ಎಡಚಿಗೆ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ಅಮ್ಮ ಈಗ ಕೋಲಿಲ್ಲದೆ ಓಡಾಡುತ್ತಾರೆಂದು ನೀನು ಬರೆದಿದ್ದೆ, ಓದಿ ಸಂತೋಷವಾಯಿತು. ನಿನ್ನ ಪತ್ರ ಬಂದು ತಿಂಗಳಾಗುತ್ತ ಬಂತು, ಉತ್ತರ ಬರೆಯದೆ ಕೂತದ್ದಕ್ಕೆ ಬೈದುಕೊಂಡಿರುತ್ತೀಯ. ಬರೆಯಲು ಕೂತಿದ್ದೆ, ಆದರೆ ಸಿಟ್ಟಿನಲ್ಲಿ ಹರಿದು ಹಾಕಿದೆ. ಫೋನು ಮಾಡಬಹುದಿತ್ತು, ಆದರೆ ನಿನ್ನ ದನಿ ಕೇಳಿದರೆ ನಾನು ಕರಗಿಬಿಡುತ್ತೇನೆ, ಅದು ನಿನಗೂ ಗೊತ್ತು. ಇವತ್ತು ನಮ್ಮ ಯಜಮಾನರೇ ಚಹಾ ಮಾಡಿ ತಂದಿಟ್ಟು, “ಬೈಯೋದಾದ್ರೆ ನೆಟ್ಟಗೆ ಬೈದು ಬರಿ, ಸುಮ್ನೆ ಕಾಗದ ಯಾಕೆ ಹಾಳು ಮಾಡ್ತೀಯ?” ಎಂದು ಹೇಳಿ ಹೋದರು. ಅದಕ್ಕೇ ಕೂತಿದ್ದೇನೆ.

ಮೊದಲು ಕಾಲೇಜಿನ ಸುದ್ದಿ. ಈ ವರ್ಷದ ಹುಡುಗರು ತೆಗೆಯುವ ಹಲ್ಲಿನ ಎಕ್ಸ್-ರೇ ನೋಡಿದರೆ ನೀನು ನಗುತ್ತೀಯೋ ಅಳುತ್ತೀಯೋ ಹೇಳಲಾರೆ. ಒಬ್ಬ ಯಂತ್ರದ ಕೊಳವೆಯನ್ನು ಓರೆ ಹಿಡಿದು ಅರ್ಧ ಹಲ್ಲು ಮೂಡಿಸಿ ಇನ್ನರ್ಧ ಬೆಳ್ಳಗೆ ಬಿಡುತ್ತಾನೆ. ಒಬ್ಬಳು ಹಲ್ಲನ್ನು ಎಳೆದೆಳೆದು ಆನೆಯ ದಂತ ಮಾಡುತ್ತಾಳೆ. ಇನ್ನೊಬ್ಬನ ಫಿಲ್ಮಿನಲ್ಲಿ ಹಲ್ಲಿಗಿಂತ ಅವನ ಹೆಬ್ಬೆಟ್ಟೇ ಸ್ಪಷ್ಟ, ಸೀದಾ ಪೊಲೀಸರಿಗೆ ಕೊಡಬಹುದು. ನಮ್ಮಲ್ಲಿ ಇನ್ನೂ ಫಿಲ್ಮೇ. ಕಂಪ್ಯೂಟರಿನದ್ದು ಬರುತ್ತೆ ಬರುತ್ತೆ ಎನ್ನುತ್ತಲೇ ಇದ್ದಾರೆ. ಒಂದು ಕೆಟ್ಟರೆ ಮತ್ತೆ ತೆಗೆಯಬೇಕು, ಮತ್ತೆ ತೆಗೆದರೆ ರೋಗಿಯ ಮೇಲೆ ಇನ್ನೊಮ್ಮೆ ಕಿರಣ ಬಿಡಬೇಕು. ಅದಕ್ಕೇ ನಾನು ಅಷ್ಟು ಬಿಗಿ.

ಹುಡುಗರು ನನಗೆ ‘ಚುಕ್ಕೆ ಮೇಡಂ’ ಎಂದು ಹೆಸರಿಟ್ಟಿದ್ದಾರೆ. ಫಿಲ್ಮಿನ ಮೂಲೆಯಲ್ಲಿ ಬೆರಳಿಗೆ ಸಿಗುವ ಹಾಗೆ ಉಬ್ಬಿದ ಪುಟ್ಟ ಚುಕ್ಕೆ ಇರುತ್ತದಲ್ಲ, ಬಾಯೊಳಗೆ ಇಡುವಾಗ ಅದು ಹಲ್ಲಿನ ಕಚ್ಚುವ ತುದಿಯ ಕಡೆಗಿರಬೇಕು, ಬೇರಿನ ಕಡೆಗಿದ್ದರೆ ನೋಡಬೇಕಾದ ಜಾಗವನ್ನೇ ಮುಚ್ಚೀತು. ಯಾರು ಫಿಲ್ಮು ಕೈಗೆತ್ತಿಕೊಂಡರೂ “ಚುಕ್ಕೆ ಎಲ್ಲಿ?” ಅಂತಲೇ ನನ್ನ ಮೊದಲ ಮಾತು. ಬೈಗುಳದ ಹೆಸರಲ್ಲ ಬಿಡು, ನನಗೆ ಇಷ್ಟವೇ.

ಇನ್ನು ನಿನ್ನ ಮಗಳ ವಿಷಯ. ನಮ್ಮ ಮನೆಯ ಮಹಡಿ ಕೋಣೆಗೆ ಅವಳು ಬಂದಾಗಿನಿಂದ ಮನೆ ಮನೆಯ ಹಾಗಿತ್ತು. ಮನೆಯಲ್ಲಿ ನಾನು ದೊಡ್ಡಮ್ಮ, ಕಾಲೇಜಿನಲ್ಲಿ ಮೇಡಂ. ಓದಿನಲ್ಲಿ ಚುರುಕು, ಆದರೆ ಎಕ್ಸ್-ರೇ ಅಂದರೆ ಹೆದರುತ್ತಿದ್ದಳು. ರೋಗಿ ಸ್ವಲ್ಪ ವಾಕರಿಸಿದರೆ ಸಾಕು, ಇವಳೇ ಫಿಲ್ಮು ಬಿಟ್ಟು ಹಿಂದೆ ಸರಿಯುತ್ತಿದ್ದಳು. ಪೂರ್ತಿ ಬಾಯಿಯ ಎಕ್ಸ್-ರೇಗಳ ಒಂದು ಒಳ್ಳೆಯ ಸೆಟ್ಟು ಒಪ್ಪಿಸದೆ ಕೊನೆಯ ಪರೀಕ್ಷೆಗೆ ಕೂರಿಸುವುದಿಲ್ಲ. “ಸ್ವಲ್ಪ ನೋಡ್ಕೋ ಕಣೇ” ಎಂದು ನೀನು ಫೋನಿನಲ್ಲಿ ಅಂದಾಗ “ಕಲಿಸ್ತೀನಿ, ಬಿಟ್ಟುಕೊಡಲ್ಲ” ಎಂದಿದ್ದೆ. ರಜೆಯ ದಿನಗಳಲ್ಲೂ ಬೀಗ ತೆಗೆಸಿ ಗೊಂಬೆಯ ತಲೆಯ ಮೇಲೆ ಕಲಿಸಿದೆ. ಸುಧಾರಿಸುತ್ತಲೂ ಇದ್ದಳು.

ಆಮೇಲೆ ಒಂದು ದಿನ ಸೆಟ್ಟು ತಂದಿಟ್ಟಳು. ನಾನು ಮೀಟಿಂಗಿನಲ್ಲಿದ್ದಾಗ ಬಂದ ರೋಗಿ, ಯಾರೋ ಹೆಂಗಸು ಎಂದಳು. ಅದನ್ನು ದೀಪದ ಪೆಟ್ಟಿಗೆಯ ಮೇಲಿಟ್ಟೆ. ಅಬ್ಬಾ! ಒಂದು ಹಲ್ಲು ಇನ್ನೊಂದರ ಮೇಲೆ ಬಿದ್ದಿಲ್ಲ, ಒಂದು ಬೇರೂ ಕತ್ತರಿಸಿಹೋಗಿಲ್ಲ, ಕಪ್ಪು ಬಿಳುಪು ಅಷ್ಟು ಹದ. ಇಡೀ ಕ್ಲಾಸನ್ನು ಕರೆದು ತೋರಿಸಿದೆ, ಹೊಗಳಿ ಅಟ್ಟಕ್ಕೇರಿಸಿದೆ. ಕೆಳದವಡೆಯಲ್ಲಿ ದೊಡ್ಡ ಹಲ್ಲುಗಳ ನಡುವೆ ಒಂದು ಹಾಲುಹಲ್ಲು ಹಾಗೇ ಉಳಿದಿತ್ತು, ಅದರಡಿಗೆ ಬೇರೆ ಹಲ್ಲೇ ಇಲ್ಲ. “ಅಪರೂಪದ ಬಾಯಿ ಕಣ್ರೋ, ನನಗೂ ಹೀಗೇ ಇತ್ತು” ಎಂದೂ ಹೇಳಿದೆ. ನಿನ್ನ ಮಗಳು ತಲೆ ಬಗ್ಗಿಸಿ ನಿಂತಿದ್ದಳು. ಪಾಪ, ನಾಚಿಕೆ ಅಂದುಕೊಂಡೆ.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಕನ್ನಡಕದ ಹುಡುಗಿ ಒಬ್ಬಳಿದ್ದಾಳೆ, ಕಷ್ಟಪಟ್ಟು ತನ್ನ ಕೈಯಾರೆ ತೆಗೆದ ಸೆಟ್ಟು ತಂದಿದ್ದಳು, ಅದರಲ್ಲಿ ಕೆಲವು ಕೆಟ್ಟಿದ್ದವು. ಅವಳದ್ದನ್ನು ಪಕ್ಕಕ್ಕಿಟ್ಟು, “ಇದನ್ನ ನೋಡು, ನಿಂದನ್ನ ನೋಡು. ನಾಚಿಕೆ ಆಗಲ್ವಾ?” ಎಂದುಬಿಟ್ಟೆ. ಅವಳು ಕನ್ನಡಕ ತೆಗೆದು ಒರೆಸಿಕೊಂಡಳು. ಆ ಮಾತಿಗೆ ಈಗಲೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ.

ಕ್ಲಾಸು ಮುಗಿದ ಮೇಲೆ ಸೆಟ್ಟನ್ನು ಕಪಾಟಿಗೆ ಸೇರಿಸುವಾಗ ಒಂದು ಫಿಲ್ಮು ಜಾರಿತು. ಅಂಚು ಹಿಡಿದು ಸರಿಪಡಿಸುತ್ತಿದ್ದಾಗ ಅಭ್ಯಾಸಬಲದಿಂದ ಹೆಬ್ಬೆರಳು ಚುಕ್ಕೆಯನ್ನು ಹುಡುಕಿತು. ಇರಬೇಕಾದ ಮೂಲೆಯಲ್ಲಿ ಇಲ್ಲ, ಬೇರಿನ ಕಡೆಗಿತ್ತು. ಎಲ್ಲವನ್ನೂ ಸವರಿ ನೋಡಿದೆ, ಎಲ್ಲದರಲ್ಲೂ ಅಲ್ಲೇ. ನನ್ನ ಹತ್ತಿರ ಕಲಿತವರು ಏನು ಬೇಕಾದರೂ ಕೆಡಿಸಿಯಾರು, ಚುಕ್ಕೆ ಮಾತ್ರ ತಪ್ಪಿಸುವುದಿಲ್ಲ. ಹಟ ಹಿಡಿದು ಬೇರಿನ ಕಡೆಗೇ ಇಡುವವಳನ್ನು ನಾನು ಜನ್ಮದಲ್ಲಿ ಒಬ್ಬಳನ್ನೇ ಕಂಡಿದ್ದೇನೆ. “ಎಡಗೈಯವರಿಗೆ ಇದೇ ಸಲೀಸು ಕಣೇ” ಎನ್ನುತ್ತ, ನಮ್ಮ ಮೇಷ್ಟ್ರ ಹತ್ತಿರ ಎಷ್ಟು ಬೈಸಿಕೊಂಡರೂ ಬಿಡದವಳು.

ಮತ್ತೆ ದೀಪ ಹಾಕಿದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಆ ಹಾಲುಹಲ್ಲು, ಅದರ ಪಕ್ಕದ ಹಲ್ಲಿನ ಕೊಂಕಿದ ಬೇರು. ನಾವು ಓದುವಾಗ ಒಬ್ಬರ ಬಾಯಿಯ ಎಕ್ಸ್-ರೇ ಒಬ್ಬರು ತೆಗೆದು ಕಲಿಯುತ್ತಿದ್ದೆವು. ಈಗ ಯಾರಾದರೂ ಹಾಗೆ ಮಾಡಿದರೆ ನಾನೇ ಹೊರಗೆ ಹಾಕುತ್ತೇನೆ. ಆಗ ನೀನು ನನ್ನ ಬಾಯಿಯ ಪೂರ್ತಿ ಸೆಟ್ಟು ತೆಗೆದಿದ್ದೆ, ಮೇಷ್ಟ್ರೇ ಭೇಷ್ ಎಂದಿದ್ದರು. “ಇದು ನನ್ನ ಹತ್ರಾನೇ ಇರ್ಲಿ” ಎಂದು ನೀನು ಕೇಳಿದಾಗ ಕೊಟ್ಟಿದ್ದೆ. ನನಗೆ ಹಾಲುಹಲ್ಲು ಎಂದು ಹೆಸರಿಟ್ಟದ್ದೂ ಆವತ್ತೇ. ಆ ಹಲ್ಲು ಕೀಳಿಸಿಕೊಂಡಾಗ ಪಕ್ಕದಲ್ಲಿ ನನ್ನ ಕೈ ಹಿಡಿದು ನಿಂತವಳೂ ನೀನೇ.

ಸಂಜೆ ಅಡುಗೆಮನೆಯಲ್ಲಿ ನಿನ್ನ ಮಗಳನ್ನು ಕೇಳಿದೆ. “ಯಾರ ಬಾಯಿ ಅದು?” ಸುಳ್ಳು ಹೇಳಲಿಲ್ಲ. “ನಿಮ್ದೇ ದೊಡ್ಡಮ್ಮ. ಅಮ್ಮ ಕಳ್ಸಿದ್ರು” ಎಂದು ನೆಲಕ್ಕೆ ಕುಸಿದು ಅತ್ತಳು. ಹೇಗೆ ಕಳಿಸಿದಳು ಎಂದು ಕೇಳಿದರೆ, ಸ್ವೆಟರಿನೊಳಗೆ ಎಂದಳು. ನಾನು ನಿನ್ನ ಮನೆಗೆ ಬಂದು ಹೊರಟಾಗ, ಬಸ್ಸಿನ ಕಿಟಕಿಯಿಂದ “ಚಳಿ ಅಂತಾಳೆ, ಅವಳಿಗೆ ಕೊಡು” ಎಂದು ತುರುಕಿದೆಯಲ್ಲ, ಅದೇ ಸ್ವೆಟರು. ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಬಂದೆ. ಅದರ ಮಡಿಕೆಯಲ್ಲಿ ತಲೆಯಿಟ್ಟು ನಿದ್ದೆಯನ್ನೂ ಮಾಡಿದೆ ಕಣೇ.

ಮರುದಿನ ಕ್ಲಾಸಿನಲ್ಲಿ ಅದೇ ಸೆಟ್ಟನ್ನು ದೀಪದ ಮೇಲಿಟ್ಟು “ಈ ಬಾಯಿ ನಂದು” ಎಂದೆ. ಹುಡುಗರು ತಮಾಷೆ ಅಂದುಕೊಂಡು ನಕ್ಕರು. ನಾನು ನಗಲಿಲ್ಲ, ಅವರೂ ನಿಲ್ಲಿಸಿದರು. ಕನ್ನಡಕದ ಹುಡುಗಿಯ ಹತ್ತಿರ ಎಲ್ಲರೆದುರು ಕ್ಷಮೆ ಕೇಳಿದೆ. ನಿನ್ನ ಮಗಳ ಸೆಟ್ಟಿನ ಮೇಲಿದ್ದ ನನ್ನ ರುಜುವನ್ನು ಹೊಡೆದು ಹಾಕಿದೆ. “ನಿಮ್ಮ ಮನೆ ಹುಡುಗೀನೇ ಅಲ್ವಾ? ಒಳಗೊಳಗೇ ಮುಗಿಸ್ಬಹುದಿತ್ತು” ಎಂದರು ನಮ್ಮ ವಿಭಾಗದ ಮುಖ್ಯಸ್ಥರು. ನಮ್ಮ ಮನೆ ಹುಡುಗಿ ಅಂತಲೇ ಆಗಲಿಲ್ಲ ಎಂದೆ. ಈ ಸಲದ ಪರೀಕ್ಷೆ ಅವಳಿಗಿಲ್ಲ. ಮುಂದಿನ ತಂಡದ ಜೊತೆ ಕೂರುತ್ತಾಳೆ, ಅರ್ಧ ವರ್ಷ ಹೋಯಿತು. ನೀನು ನನ್ನನ್ನು ಶಪಿಸುವುದಾದರೆ ಶಪಿಸು.

ಅವಳನ್ನು ಮನೆಯಿಂದ ಕಳಿಸಿಲ್ಲ, ಕಳಿಸುವುದೂ ಇಲ್ಲ. ಮೊನ್ನೆ ಒಬ್ಬ ಮುದುಕರ ಹಲ್ಲಿನ ಎಕ್ಸ್-ರೇ ತೆಗೆದಳು. ಅವರು ವಾಕರಿಸಿದರೂ ಹಿಂದೆ ಸರಿಯಲಿಲ್ಲ, “ಮೂಗಲ್ಲಿ ಉಸಿರಾಡಿ ಅಜ್ಜ, ಆಯ್ತು, ಆಯ್ತು” ಎಂದು ಮಾತಾಡಿಸುತ್ತಲೇ ಇದ್ದಳು. ಒಂದು ಬದಿ ಸ್ವಲ್ಪ ಮಸುಕು, ಆದರೆ ಬೇರು ಪೂರ್ತಿ ಬಂದಿದೆ, ಚುಕ್ಕೆ ಇರಬೇಕಾದಲ್ಲೇ ಇದೆ. ‘ಸಾಧಾರಣ’ ಎಂದು ಬರೆದುಕೊಟ್ಟೆ. ಅದನ್ನು ಹಿಡಿದುಕೊಂಡು ಕಾರಿಡಾರಿನಲ್ಲಿ ಓಡಿದಳು ನೋಡು, ನಿನ್ನ ಹಾಗೇ. ಇಷ್ಟು ಮಾಡಬಲ್ಲ ಹುಡುಗಿಯ ಕೈಗೆ ನೀನು ಯಾಕೆ ಕಳ್ಳಮಾಲು ಕೊಟ್ಟೆ? ಅವಳ ಮೇಲೆ ನಿನಗೆ ನಂಬಿಕೆ ಇರಲಿಲ್ಲವೇ? ನನ್ನ ಮೇಲಾದರೂ ಇರಬಾರದಿತ್ತೇ?

ಸೆಟ್ಟು ನನ್ನ ಹತ್ತಿರವೇ ಇದೆ, ವಾಪಸ್ಸು ಕಳಿಸುವುದಿಲ್ಲ. ಅಮ್ಮನಿಗೆ ನನ್ನ ನಮಸ್ಕಾರ ಹೇಳು, ಅವರಿಗೆ ಇದೇನೂ ತಿಳಿಯುವುದು ಬೇಡ. ನಿನ್ನ ಕ್ಲಿನಿಕ್ಕು ಚೆನ್ನಾಗಿ ನಡೆಯಲಿ, ಮಂಡಿನೋವು ವಾಸಿಯಾಗಲಿ. ಮಗಳ ಚಿಂತೆ ಬಿಡು. ಮೂರು ಹೊತ್ತು ಉಣ್ಣುತ್ತಿದ್ದಾಳೆ, ಹಾಗೇ ನನ್ನ ಬೈಗುಳವನ್ನೂ.

ಇಂತಿ,
ಹಾಲುಹಲ್ಲು
(ಇನ್ನು ಹಾಗೆ ಕರೆಯಬೇಡ)

ತಾ.ಕ.: ಒಂದು ಮಾತು ನುಂಗಿಕೊಂಡಿದ್ದೆ, ಇಳಿಯುತ್ತಿಲ್ಲ. ಆವತ್ತು ಸಂಜೆ ನಿನ್ನ ಮಗಳಿಗೆ, “ಅದು ನನ್ನ ಬಾಯಿ ಅನ್ನೋದೇ ನಿಮ್ಮಮ್ಮನಿಗೆ ಮರ್ತುಹೋಗಿತ್ತೇನೋ ಅಲ್ವಾ?” ಎಂದು ಕೇಳಿದೆ. ಹೌದು ಎಂದಿದ್ದರೆ ನನಗೆ ಅಷ್ಟೇ ಸಾಕಿತ್ತು. ಅವಳು ತಲೆಯೆತ್ತದೆ ಹೇಳಿದಳು. “ಇಲ್ಲ ದೊಡ್ಡಮ್ಮ. ಬೇರೆಯವರ ಸೆಟ್ಟೂ ಇತ್ತು. ಅಮ್ಮ ಬೇಕಂತ್ಲೇ ನಿಮ್ದನ್ನೇ ಆರಿಸಿ ಕೊಟ್ರು. ‘ಬೇರೆಯವರದ್ದಾದ್ರೆ ಸಿಕ್ಕಿಬಿದ್ರೆ ಅವಳು ಬಿಡಲ್ಲ. ಅವಳದ್ದೇ ಆದ್ರೆ, ಗುರುತು ಹಿಡಿದ್ರೂ ಬಾಯಿ ಬಿಡಲ್ಲ. ಅವಳಿಗೆ ನಾನಂದ್ರೆ ಅಷ್ಟು ಪ್ರೀತಿ’ ಅಂದ್ರು.”

ಅಷ್ಟು ಪ್ರೀತಿ ಇತ್ತು ಕಣೇ, ಇಲ್ಲ ಅನ್ನಲ್ಲ. ಅದನ್ನ ಇದಕ್ಕಾ ಖರ್ಚು ಮಾಡೋದು?