ನೋಡುವ ಮಾಂಸ

ಹೊಸ ವರ್ಷದ ಹಿಂದಿನ ದಿನ, ಸಂಜೆ

ಮತ್ತೆ ಎಣ್ಣೆ ಸಿಡಿದು ಮಣಿಕಟ್ಟು ಸುಟ್ಟಿತು. ಆದರೂ ಮುಗಿಯಿತು. ಹಂದಿಯ ಹೊಟ್ಟೆ ಮಾಂಸ ಬೇಯಿಸಿ, ಚರ್ಮಕ್ಕೆ ಸೋಯಾ ಸಾಸ್ ಸವರಿ, ಕರಿದು, ಹದಿನಾಲ್ಕು ತುಂಡು ಮಾಡಿ, ಒಣ ಸಾಸಿವೆ ಸೊಪ್ಪಿನ ಜೊತೆ ಬಟ್ಟಲಿಗೆ ಒತ್ತಿ, ಎರಡು ಗಂಟೆ ಹಬೆಯಲ್ಲಿಟ್ಟೆ. ಅಮ್ಮನ ಬಲಗೈ ಉಳುಕಿದೆ. ಈ ವರ್ಷ ಎಲ್ಲ ನಾನೇ.

ಒಂದು ಚೂರು ರುಚಿ ನೋಡಲು ಹೋದೆ. ಅಮ್ಮ ಎಡಗೈಯಲ್ಲೇ ಊಟದ ಕಡ್ಡಿ ತೆಗೆದು ಬೆರಳಿಗೆ ಹೊಡೆದಳು.

“ಹದಿನೈದನೇ ದಿನದ ತನಕ ಯಾರೂ ಮುಟ್ಟೋ ಹಾಗಿಲ್ಲ. ಅದು ನೋಡೋ ಮಾಂಸ, ನೆಂಟರ ಮುಂದಿಡೋಕೆ.”

ಗೊತ್ತು. ಪ್ರತಿ ವರ್ಷ ಗೊತ್ತು.

ಹೊಸ ವರ್ಷದ 2ನೇ ದಿನ

ಅಪ್ಪನ ಅಕ್ಕ ಬಂದಿದ್ದಳು. ಬಟ್ಟಲನ್ನು ಹಬೆಯಲ್ಲಿ ಬಿಸಿ ಮಾಡಿ ಮೇಜಿನ ನಡುವೆ ಇಟ್ಟೆ. ಅಮ್ಮ ಒಂದು ತುಂಡು ಎತ್ತಿ ಅತ್ತೆಯ ಅನ್ನದ ಮೇಲಿಟ್ಟಳು. ಅತ್ತೆ ವಾಪಸ್ಸು ಇಟ್ಟಳು. ಮತ್ತೆ ಅಮ್ಮ. ಮತ್ತೆ ಅತ್ತೆ. ಕೊನೆಗೆ ಇಬ್ಬರೂ ಮೂಲಂಗಿ ತಿಂದರು.

“ಮಾಂಸ ಬಹಳ ಚೆನ್ನಾಗಾಗಿದೆ” ಎಂದಳು ಅತ್ತೆ. ತಿನ್ನದೆ ಹೇಗೆ ಗೊತ್ತಾಯಿತೋ.

ಆಮೇಲೆ ನನ್ನನ್ನು ತೋರಿಸಿ ಅಪ್ಪನಿಗೆ ಹೇಳಿದಳು. “ಲಿಯನ್‌ಗೆ ಇಟ್ಟಿಗೆ ಗೂಡಲ್ಲಿ ಕೆಲಸಕ್ಕೆ ಹೇಳಿಟ್ಟಿದೀನಿ. ಹದಿನಾರನೇ ದಿನ ಬರಲಿ. ಐದನೇ ಕ್ಲಾಸು ಓದಿದ ಬಾಯಿಲ್ಲದ ಹುಡುಗಿ. ಅಲ್ಲಿ ಮಾತಾಡೋ ಕೆಲಸ ಇಲ್ಲ.”

ಅಪ್ಪ ಕೆಮ್ಮಿದ. “ಒಂಬತ್ತನೇ ದಿನ ಯೋಂಗ್‌ಫಾ ಬರ್ತಾನಲ್ಲ. ಅವನ ಹೋಟೆಲ್ ಅಡುಗೆಮನೆಗೆ ಒಬ್ಬಳು ಬೇಕಂತೆ. ಇವಳ ಕೈರುಚಿ ನೋಡ್ತೀನಿ ಅಂದಿದ್ದ.”

ಯೋಂಗ್‌ಫಾ ಅಮ್ಮನ ತಮ್ಮ. ಪಟ್ಟಣದಲ್ಲಿ ದೊಡ್ಡ ಅಡುಗೆಯವನು.

3ನೇ ದಿನ

ಈಗ ಹೊಳೆಯಿತು. ಮಾವನೂ ತುಂಡನ್ನು ವಾಪಸ್ಸು ಇಡುತ್ತಾನೆ. ನನ್ನ ಅಡುಗೆಯನ್ನು ನೋಡಿ, ಹೊಗಳಿ, ಬಸ್ ಹತ್ತುತ್ತಾನೆ. ನಾನು ಇಟ್ಟಿಗೆ ಹೊರುತ್ತೇನೆ.

“ಅಮ್ಮಾ, ಮಾವನಿಗೆ ಮಾತ್ರ ಒಂದು ತುಂಡು...”

“ಅವನು ಮರ್ಯಾದಸ್ಥ. ಕೊಟ್ರೂ ತಿನ್ನಲ್ಲ.”

ಇದೇ ಕಷ್ಟ. ನಮ್ಮ ಕಡೆಯವರೆಲ್ಲ ಮರ್ಯಾದಸ್ಥರು.

6ನೇ ದಿನ

ಐದನೇ ಸಲ ಹಬೆ. ದಿನವೂ ಅಮ್ಮ ಮೇಲೆ ಒಂದು ಚಮಚ ಸೋಯಾ ಸುರಿಯುತ್ತಾಳೆ, ಹೊಳಪಿಗೆ.

“ಉಪ್ಪಾಗತ್ತೆ ಅಮ್ಮಾ.”

“ತಿನ್ನೋರು ಯಾರೀಗ?”

ಹೊಗೆಗೆ ಕಣ್ಣು ಉರಿ. ತಲೆಯಲ್ಲೂ ಅದೇ ವಾಸನೆ.

9ನೇ ದಿನ, ಬೆಳಿಗ್ಗೆ

ಎಂಟನೇ ಸಲ. ಅಮ್ಮ ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದಾಳೆ. ಬೇಗ ಬರೆದುಬಿಡುತ್ತೇನೆ. ಎರಡು ತುಂಡು ಮಾವನ ಅನ್ನದ ಕೆಳಗೆ ಬಚ್ಚಿಟ್ಟೆ. ಖಾಲಿಯಾದ ಜಾಗಕ್ಕೆ ಸೊಪ್ಪು ತುರುಕಿದ್ದೇನೆ.

ಅದೇ ದಿನ, ನಾಲ್ಕು ಗಂಟೆ

ಅಮ್ಮ ಕೊಟ್ಟ ತುಂಡನ್ನು ಮಾವ ವಾಪಸ್ಸು ಇಟ್ಟ. ಎರಡು ಸಲ. ಆಮೇಲೆ ಅನ್ನ ತಿನ್ನುತ್ತಾ ಹೋದವನ ಕಡ್ಡಿ ನಿಂತಿತು. ಬಟ್ಟಲಿನೊಳಗೆ ನೋಡಿದ. ಕಚ್ಚಿಯಾಗಿತ್ತು, ವಾಪಸ್ಸು ಇಡುವ ಹಾಗಿರಲಿಲ್ಲ. ನನ್ನನ್ನು ನೋಡಿದ. ನಾನು ಒಲೆ ನೋಡಿದೆ.

ನಿಧಾನ ಎರಡನ್ನೂ ಅಗಿದ. ಟೀ ಕುಡಿದ. ಇನ್ನೊಂದು ಲೋಟ. ಮತ್ತೊಂದು. ನಾಲ್ಕನೆಯದು.

“ಯಾಕೋ, ಮೂಲಂಗಿ ಖಾರಾನಾ?” ಅಮ್ಮ ಕೇಳಿದಳು.

“ಹೂಂ ಅಕ್ಕಾ. ಮೂಲಂಗಿ ಬಲು ಜೋರು.”

ಮೂರರ ಬಸ್ಸಿಗೆ ಹೋದ. ಕೆಲಸದ ಮಾತೇ ಇಲ್ಲ. ಎಂಟು ಚಮಚ ಸೋಯಾ. ದಿನವೂ ನೋಡುತ್ತಲೇ ಇದ್ದೆ, ಆದರೂ ಮರೆತೆ. ನನಗೆ ನಾನೇ ಬುದ್ಧಿ ಹೇಳಬೇಕು, ಬೇರೆ ಯಾರಿಗೆ ಹೇಳಲಿ.

11ನೇ ದಿನ

ಪಕ್ಕದ ಮನೆಯವರು ಊಟಕ್ಕೆ ಕೂತಿದ್ದಾಗ ಅಮ್ಮ ತುಂಡು ಎತ್ತಿದಳು. ಅದರ ಪಕ್ಕದ ತುಂಡು ಜಾರಿ ಒಳಗೆ ಬಿತ್ತು, ಸೊಪ್ಪು ಹೊರಗೆ ಬಂತು. ಅವರು ಹೋಗುವವರೆಗೆ ಅಮ್ಮ ನಗುತ್ತಲೇ ಇದ್ದಳು. ಆಮೇಲೆ ಬಾಗಿಲು ಹಾಕಿದಳು.

“ಎರಡು ತುಂಡು ಎಲ್ಲಿ?”

ಹೇಳಿದೆ. ಎಲ್ಲ.

“ಆ ಉಪ್ಪಿನ ಗಡ್ಡೇನ ನನ್ನ ತಮ್ಮನಿಗೆ ತಿನ್ನಿಸಿದ್ಯಾ?”

“ಉಪ್ಪು ನಿನ್ನದು, ಅಮ್ಮಾ.”

ನನ್ನ ಬಾಯಿಂದಲೇ ಬಂತು. ಅಮ್ಮ ಒಲೆಯ ಮುಂದೆ ಕೂತುಬಿಟ್ಟಳು. ನನ್ನ ಜೊತೆ ಮಾತಿಲ್ಲ. ಇವತ್ತೂ ಇಲ್ಲ, ನಾಳೆಯೂ ಇರಲಾರದು.

14ನೇ ದಿನ

ಅಪ್ಪ ಸಂತೆಯಲ್ಲಿ ಮಾವನನ್ನು ಕಂಡು ಬಂದ. ಬಾಗಿಲಲ್ಲೇ ನಿಂತು ಹೇಳಿದ:

“ಉಪ್ಪು ಅಕ್ಕನ ಕೈಯದ್ದು, ಚಿಕ್ಕಂದಿನಿಂದ ತಿಂದಿದೀನಿ ಅಂದ. ಎಷ್ಟು ಸಲ ಹಬೆಗಿಟ್ಟಿದ್ರಿ ಅಂತ ಕೇಳ್ದ. ಎಂಟು ಅಂದೆ. ಎಂಟು ಸಲ ಬೆಂದಿದ್ದು ಕಡ್ಡೀಲಿ ಎತ್ತಿದ್ರೂ ಒಡೀಲಿಲ್ಲ, ನನ್ನ ಹೋಟೆಲ್ ಹುಡುಗರು ಮಾಡಿದ್ದು ಎರಡನೇ ಸಲಕ್ಕೇ ಗಂಜಿ ಆಗತ್ತೆ ಅಂದ. ಇವಳನ್ನ ಹದಿನಾರಕ್ಕೆ ಹೋಟೆಲಿಗೆ ಕಳಿಸಬೇಕಂತೆ.”

ಅಮ್ಮ ಪಾತ್ರೆ ಉಜ್ಜುತ್ತಿದ್ದಳು. ಉಜ್ಜಿದ್ದನ್ನೇ ಉಜ್ಜಿದಳು.

“ನಿಮ್ಮ ಅಕ್ಕನಿಗೆ ನೀವೇ ಹೇಳಿ, ಇವಳು ಗೂಡಿಗೆ ಬರಲ್ಲ ಅಂತ” ಎಂದಳು.

15ನೇ ದಿನ, ಸಂಜೆ

ಇವತ್ತು ತಿನ್ನಬಹುದು. ಹನ್ನೆರಡು ತುಂಡು, ಕಲ್ಲಿದ್ದಲಿನ ಬಣ್ಣ. ಅಪ್ಪ ಒಂದು ಬಾಯಿಗಿಟ್ಟು ಹಿತ್ತಲಿಗೆ ನೀರು ಕುಡಿಯಲು ಓಡಿದ. ನನಗೆ ಹಸಿವಿಲ್ಲ, ಬಟ್ಟೆ ಗಂಟು ಕಟ್ಟುತ್ತಿದ್ದೇನೆ ಎಂದೆ. ಅಮ್ಮ ನಾಲ್ಕು ದಿನದ ಮೇಲೆ ನನ್ನ ಜೊತೆ ಮಾತಾಡಿದಳು: “ತಿನ್ನು. ಬರೆಯೋದು ಆಮೇಲೆ.”

ಅನ್ನದ ಬಟ್ಟಲು ಪುಸ್ತಕದ ಪಕ್ಕ ಇಟ್ಟು ಹೋದಳು. ಬರೀ ಬಿಳಿ ಅನ್ನ. ಜೊತೆಗೆ ಒಂದು ಕೆಟಲ್ ಟೀ. ನಾನೊಬ್ಬಳೇ, ಇಷ್ಟು ಟೀ ಯಾಕೆ? ಕೇಳಿದರೆ ಹೇಳುವವಳಲ್ಲ. ಬಟ್ಟಲು ಬೇರೆ ಭಾರವಾಗಿದೆ... ಕಡ್ಡಿ ಹಾಕಿದೆ. ಅನ್ನದ ಕೆಳಗೆ ಎರಡು ತುಂಡು.