ಗಡಿಯ ಸಾಲಿನ ನಲವತ್ತೊಂದು ಬಳ್ಳಿ

ವಾಲ್ದೆಸಾರ್ಸಾ, ತೋರೋ ಹತ್ತಿರ
ಮೇ 26, ಭಾನುವಾರ

ಪ್ರೀತಿಯ ಎಲ್ವಿರಾ,

ಹೇಗಿದ್ದೀ ಮಗಳೇ? ಕೆಮ್ಮು ಬಿಟ್ಟಿತೇ? ಚಿಲಿಯಲ್ಲಿ ಈಗ ಚಳಿ ಹಿಡಿದಿರಬೇಕು. ನಿನ್ನ ಚಿಕ್ಕಮ್ಮ ತೋಮಾಸಾ ಎರಡು ಜೊತೆ ಉಣ್ಣೆಯ ಕಾಲುಚೀಲ ಹೆಣೆದಿಟ್ಟಿದ್ದಾಳೆ. ಅವು ತಲುಪುವ ಹೊತ್ತಿಗೆ ನೀನೇ ಇಲ್ಲಿಗೆ ಬಂದಿರುತ್ತೀ ಎಂದರೆ ಕೇಳುವವಳಲ್ಲ. ನಾನು ಆರಾಮಾಗಿದ್ದೇನೆ. ಡಾಕ್ಟರು ನನ್ನ ಎದೆಗೆ ಕಿವಿಯಿಟ್ಟು, ಎಪ್ಪತ್ತೊಂದಕ್ಕೆ ಇಂಥ ಹೃದಯ ಈ ಜಿಲ್ಲೆಯಲ್ಲಿ ಇನ್ನೊಂದಿಲ್ಲ ಎಂದರು. ಎಡ ಭುಜದ ಬಗ್ಗೆ ಅವರು ಹೇಳಿದ್ದನ್ನು ಬರೆಯುವುದಿಲ್ಲ. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು, ಆದರೆ ನೀನು ನಡುವೆ ಬಾಯಿ ಹಾಕುತ್ತೀ. ಕಾಗದದಲ್ಲಿ ಆ ತೊಂದರೆ ಇಲ್ಲ. ಐದನೇ ತರಗತಿಯಲ್ಲಿ ಕೈಬರಹಕ್ಕೆ ಬಹುಮಾನ ಗೆದ್ದವನು ನಾನು. ನಿನ್ನಪ್ಪ ಸೆವೆರಿನೋ ನನ್ನ ಪಕ್ಕದಲ್ಲೇ ಕೂತಿದ್ದರೂ ಗೆಲ್ಲಲಿಲ್ಲ.

ಮೊದಲು ಕೊಂಬಿನ ವರದಿ. ನೀನು ಹೇಳಿದಂತೆ ಈಸ್ಟರ್ ಮುಗಿದ ಮರುವಾರ ಗುಂಡಿ ಅಗೆದೆ. ಶರತ್ಕಾಲದಲ್ಲಿ ಸಗಣಿ ತುಂಬಿ ಹೂತದ್ದು ನಲವತ್ತು ಹಸುವಿನ ಕೊಂಬು, ಸಿಕ್ಕಿದ್ದೂ ನಲವತ್ತು. ಒಳಗಿನ ಸಗಣಿ ಕಪ್ಪು ಮಣ್ಣಾಗಿ, ಮಳೆ ನಿಂತ ಮೇಲಿನ ಕಾಡಿನ ವಾಸನೆ ಬರುತ್ತಿತ್ತು. ಮೂಗಿಗೆ ಹಿಡಿದ ತೋಮಾಸಾ, "ಅಯ್ಯೋ, ಇದು ನಮ್ಮ ಕೊಟ್ಟಿಗೇದೇ ಅಂದ್ರೆ ಯಾರ್ ನಂಬ್ತಾರೆ?" ಎಂದಳು. ಹೂಳುವಾಗ ಹೆಚ್ಚು ನಕ್ಕವನು ನಾನೇ ಎಂಬುದನ್ನು ನೀನು ಮರೆತಿರಲಾರೆ. ಈಗ ಬಾರಿನಲ್ಲಿ, ಚಂದ್ರನ ಲೆಕ್ಕ ನೋಡಿ ಬೇಸಾಯ ಮಾಡುವ ನಿನ್ನ ಬಯೋಡೈನಮಿಕ್ ಪುಸ್ತಕವನ್ನು ವಿವರಿಸುವವನೂ ನಾನೇ, ಓದದಿದ್ದರೂ. "ಏನಪ್ಪಾ ಎಲಾದಿಯೋ, ಚಂದ್ರ ಏನಂದ? ಇವತ್ತು ಗಡ್ಡ ಬೋಳಿಸ್ಕೋಬಹುದಂತಾ?" ಎಂದು ಅಲ್ಲಿ ಕೂತವರು ರೇಗಿಸುತ್ತಾರೆ. "ಬೋಳಿಸ್ಕೋಬಹುದಂತೆ, ನಿನ್ ವೈನ್ ಮಾತ್ರ ಕುಡೀಬೇಡ ಅಂದ" ಎಂದು ನಾನೂ ಬಿಡುವುದಿಲ್ಲ. ಆದರೆ ನಗುವವರು ಕಡಿಮೆಯಾಗುತ್ತಿದ್ದಾರೆ. ಕಳೆನಾಶಕ ಬಿಟ್ಟ ಮನೆಗಳು ಊರಿನಲ್ಲಿ ಈಗ ಐದು. ಸಾವಯವ ದ್ರಾಕ್ಷಿಗೆ ಬೇರೆ ತೊಟ್ಟಿ ಕಟ್ಟಿಸುವ ಮಾತು ಸಹಕಾರ ಸಂಘದಲ್ಲಿ ನಡೆದಿದೆ. ಹತ್ತು ವರ್ಷದ ಹಿಂದೆ ಇದನ್ನು ಹೇಳಿದವನಿಗೆ ಜ್ವರವೇನೋ ಎಂದು ಹಣೆ ಮುಟ್ಟಿ ನೋಡುತ್ತಿದ್ದರು.

ಈಗ ಸುದ್ದಿ. ಕೂತು ಓದು. ಗಡಿಯ ಸಾಲು ಹೋಯಿತು. ಬಳ್ಳಿಗಳು ಚೆನ್ನಾಗಿವೆ, ಬೇಕಾದ್ದಕ್ಕಿಂತ ಚೆನ್ನಾಗಿವೆ. ಹೋದದ್ದು ಪ್ರಮಾಣಪತ್ರ. ಮದ್ದು ಮುಟ್ಟಿಸದ ಮೂರು ವರ್ಷದ ಲೆಕ್ಕ ಈ ಸೆಪ್ಟೆಂಬರಿಗೆ ಮುಗಿದು, ಮುತ್ತಜ್ಜ ಕಸಿಯಿಲ್ಲದೆ ಮರಳಿಗೆ ನೇರವಾಗಿ ನೆಟ್ಟ, ನಿನ್ನಪ್ಪ ಸಾಯುವ ತನಕ ನೋಡಿಕೊಂಡ ಆ ನಲವತ್ತೊಂದು ಬಳ್ಳಿಯ ಹಣ್ಣನ್ನು ಒಂದೇ ಪೀಪಾಯಿಯಲ್ಲಿ ಹಾಕಿ, ಸೀಸೆಯ ಮೇಲೆ ಸಾವಯವ ಮುದ್ರೆಯನ್ನೂ ನಿನ್ನಪ್ಪನ ಹೆಸರನ್ನೂ ಒಟ್ಟಿಗೆ ಅಚ್ಚು ಹಾಕಿಸಬೇಕೆಂದು ನೀನು ಇಟ್ಟುಕೊಂಡಿದ್ದ ಆಸೆ ನನಗೆ ಗೊತ್ತು. ಮುದ್ರೆಯ ಮಟ್ಟಿಗೆ ಅದು ಈ ವರ್ಷ ಆಗುವುದಿಲ್ಲ, ಮುಂದಿನ ವರ್ಷವೂ ಇಲ್ಲ.

ಆದದ್ದು ಹೀಗೆ. ನಿನಗೆ ಗೊತ್ತಿದ್ದದ್ದೇ: ಗಡಿಯ ಸಾಲಿಗೆ ಮದ್ದು ಹೊಡೆಯುವವನು, ತಿರುಗುವಾಗ ಪಕ್ಕದವನ ಮೊದಲ ಸಾಲಿಗೂ ಹೊಡೆದು ಬಿಡುವುದು ಇಲ್ಲಿನ ಮರ್ಯಾದೆ. ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಪಕ್ಕದ ತೋಟದ ಅಬುಂದಿಯೋ ನನ್ನ ಸಾಲಿಗೆ, ನಾನು ಅವನ ಸಾಲಿಗೆ, ನಲವತ್ತು ವರ್ಷ ಹೊಡೆದೆವು. ಎರಡು ವರ್ಷದ ಹಿಂದೆ ನೀನು ಹಳದಿ ಹಗ್ಗ ಕಟ್ಟಿ, ಮದ್ದು ಸಿಂಪಡಿಸಬಾರದು ಎಂದು ಬೋರ್ಡು ನಿಲ್ಲಿಸಿದೆ. ಅದು ನಿಯಮ, ತಪ್ಪಲ್ಲ. ಆದರೆ ಅವನು ಅದರ ಮುಂದೆ ಟೋಪಿ ತೆಗೆದು ತುಂಬ ಹೊತ್ತು ನಿಂತಿದ್ದ. "ಬಾಯಲ್ಲಿ ಹೇಳಿದ್ರೆ ಆಗ್ತಿರ್ಲಿಲ್ವಾ, ಎಲಾದಿಯೋ? ಕಳ್ಳರಿಗೆ ಬೋರ್ಡ್ ಹಾಕ್ತಾರೆ" ಎಂದವನು ಮರುದಿನದಿಂದ ಬಾರಿನಲ್ಲಿ ಬೇರೆ ಮೇಜಿಗೆ ಹೋದ. ಬಾಯಲ್ಲಿ ಹೇಳುತ್ತೇನೆಂದು ನಿನಗೆ ಮಾತು ಕೊಟ್ಟಿದ್ದವನು ನಾನು, ಹೇಳಿರಲಿಲ್ಲ. ಅಲ್ಲಿಗೆ ಮುಸ್ ಇಸ್ಪೀಟಾಟದಲ್ಲಿ ನನಗೆ ಜೊತೆಗಾರನಿಲ್ಲದಾಯಿತು. ನಾವಿಬ್ಬರೂ ಕೂತರೆ ತೋರೋವರೆಗೆ ಯಾರೂ ಗೆದ್ದವರಿಲ್ಲ, ಇದು ಜಂಬವಲ್ಲ. ಜೊತೆಗಾರನಿಗೆ ಅವನು ಮಾಡುವ ಸನ್ನೆ ಅಷ್ಟು ಚೊಕ್ಕ: ಕೈಯಲ್ಲಿ ಎರಡು ರಾಜ ಇದ್ದರೆ ಕೆಳತುಟಿಯನ್ನು ಒಮ್ಮೆ ಕಚ್ಚಿ ಬಿಡುತ್ತಿದ್ದ, ಎದುರಾಳಿಗೆ ತುಟಿಗೆ ನೊಣ ಕೂತಂತೆ ಕಾಣುತ್ತಿತ್ತು. ಆಮೇಲೆ ನನಗೆ ಸಿಕ್ಕ ಔಷಧದಂಗಡಿಯವನ ಭಾವಮೈದುನ ಸನ್ನೆ ಮಾಡಿದರೆ ಇಡೀ ಬಾರಿಗೆ ಗೊತ್ತಾಗುತ್ತದೆ.

ಮಾರ್ಚಿನ ಗಾಳಿಗೆ ಬೋರ್ಡು ಬಿತ್ತು, ಹಗ್ಗ ಹರಿಯಿತು. ಎತ್ತಿ ನಿಲ್ಲಿಸಬೇಕೆಂದು ದಿನವೂ ಅಂದುಕೊಂಡೆ. ಈ ತಿಂಗಳ ಒಂಬತ್ತಕ್ಕೆ, ಮಳೆ ಬಿಟ್ಟ ಮರುದಿನ, ನಾನು ಗುಡಿಸಲಿನಲ್ಲಿ ಮಲಗಿದ್ದೆ. ತೋಮಾಸಾಳ ಕಡಲೆಕಾಳಿನ ಸಾರು ಉಂಡವನಿಗೆ ಪಕ್ಕದಲ್ಲಿ ಟ್ರ್ಯಾಕ್ಟರ್ ಓಡಿದರೂ ಎಚ್ಚರವಾಗುವುದಿಲ್ಲ. ಎದ್ದಾಗ ಗಡಿಯ ಸಾಲಿನ ಎಲೆಗಳು ಹೊಳೆಯುತ್ತಿದ್ದವು, ಮದ್ದಿನ ವಾಸನೆಯೂ ಇತ್ತು. ಬೋರ್ಡು ಬಿದ್ದದ್ದನ್ನು ನೋಡಿ, ನಾವು ಜಗಳ ಬಿಟ್ಟೆವೆಂದು ಅಬುಂದಿಯೋ ಭಾವಿಸಿದ್ದ. ಉಡುಗೊರೆ ಕೊಟ್ಟಂತೆ ಕೊಟ್ಟು ಹೋಗಿದ್ದ.

ಸಂಜೆ ಅವನ ಮನೆಗೆ ಹೋಗಿ, ಆ ಮದ್ದಿನಿಂದ ಸಾಲಿನ ಪ್ರಮಾಣಪತ್ರ ಹೋಗುತ್ತದೆಂದು ಹೇಳಿದೆ. ಅವನು ಕುರ್ಚಿಯಲ್ಲಿ ಕೂತು, "ಸೆವೆರಿನೋ ಸಾಲಾ?" ಎಂದಷ್ಟೇ ಕೇಳಿದ. ಆಮೇಲೆ, "ಸುಮ್ನಿದ್ಬಿಡು, ಯಾರಿಗ್ ಗೊತ್ತಾಗುತ್ತೆ" ಎಂದು ಅವನ ಹೆಂಡತಿ ಹೇಳಿದಳು. ನನಗೂ ಒಂದು ಗಳಿಗೆ ಹಾಗೇ ಅನ್ನಿಸಿತ್ತು, ಮುಚ್ಚಿಡುವುದಿಲ್ಲ. ಹದಿನೈದಕ್ಕೆ ಪ್ರಮಾಣಪತ್ರದ ಕಚೇರಿಯಿಂದ ಪರೀಕ್ಷೆಗೆ ಬಂದ ಹುಡುಗಿ ಕಾರಿನಿಂದ ಇಳಿಯುವಾಗ ಅಬುಂದಿಯೋ ನನಗಿಂತ ಮೊದಲೇ ಗಡಿಯಲ್ಲಿ ನಿಂತಿದ್ದ, ಭಾನುವಾರದ ಕೋಟು ಹಾಕಿಕೊಂಡು, ಮದ್ದಿನ ಖಾಲಿ ಡಬ್ಬಿ ಕೈಯಲ್ಲಿ ಹಿಡಿದು. "ಹೊಡ್ದಿದ್ದು ನಾನು. ಇದೇ ಮದ್ದು. ಬರ್ಕೊಳ್ಳಮ್ಮ" ಎಂದ. ಅವಳು ಬರೆದುಕೊಂಡಳು. ಎರಡನೆಯ, ಮೂರನೆಯ ಸಾಲಿನ ಎಲೆ ಕಿತ್ತು ಚೀಲಕ್ಕೆ ಹಾಕಿಕೊಂಡು ಹೋದಳು. ಉತ್ತರ ಮೊನ್ನೆ ಬಂತು: ಒಳಗಿನ ಸಾಲುಗಳಲ್ಲಿ ಏನೂ ಇಲ್ಲ, ತೋಟದ ಪ್ರಮಾಣಪತ್ರ ಸೆಪ್ಟೆಂಬರಿಗೆ ಬರುತ್ತದೆ. ಗಡಿಯ ಸಾಲನ್ನು ಬೇರೆಯಾಗಿ ಕೊಯ್ಯಬೇಕು, ಅದಕ್ಕೆ ಮೂರು ವರ್ಷ ಮತ್ತೆ ಮೊದಲಿನಿಂದ. ಆಗ ನನಗೆ ಎಪ್ಪತ್ನಾಲ್ಕು. ಡಾಕ್ಟರು ಹೇಳಿದ ಹೃದಯವಿದೆ, ಚಿಂತೆಯಿಲ್ಲ.

ನಿನ್ನೆ ಸಂಜೆ ಕೊಂಬಿನ ಗೊಬ್ಬರದ ಎರಡನೆಯ ಸುತ್ತು. ಅದನ್ನು ಒಂದು ಪೀಪಾಯಿ ನೀರಿಗೆ ಹಾಕಿ, ಸುಳಿ ಏಳುವ ತನಕ ಒಂದು ದಿಕ್ಕಿಗೆ ತಿರುಗಿಸಿ, ಸುಳಿ ಮುರಿದು, ಮತ್ತೆ ಇನ್ನೊಂದು ದಿಕ್ಕಿಗೆ, ಪೂರ್ತಿ ಒಂದು ಗಂಟೆ. ಇಪ್ಪತ್ತು ನಿಮಿಷಕ್ಕೆ ಭುಜ ಕೈಕೊಟ್ಟಿತು. ಕಲ್ಲುಗೋಡೆಯ ಆಚೆಯಿಂದ ನೋಡುತ್ತಿದ್ದ ಅಬುಂದಿಯೋ ದಾಟಿ ಬಂದ. "ಸಗಣಿ ನೀರು ಕಲಸೋಕೂ ಬರಲ್ವಾ ನಿಂಗೆ? ಕೊಡಿಲ್ಲಿ" ಎಂದು ಕೋಲು ಕಿತ್ತುಕೊಂಡ. ಉಳಿದ ನಲವತ್ತು ನಿಮಿಷ ಅವನೇ ತಿರುಗಿಸಿದ, ಒಮ್ಮೆಯೂ ತಪ್ಪದೆ. ಕೊನೆಗೆ, "ಇದ್ರಿಂದ ಏನಾದ್ರೂ ಆಗುತ್ತೇನೋ?" ಎಂದು ಕೇಳಿದ. ನನಗೆ ಗೊತ್ತಿಲ್ಲ ಎಂದೆ. ನಾನು ಹಾಗೆ ಹೇಳಿದ್ದು ಇದೇ ಮೊದಲು ಎಂದು ಅವನು ಊರೆಲ್ಲ ಹೇಳಿಕೊಂಡು ಬಂದಿದ್ದಾನೆ.

ಜೂನ್ ಇಪ್ಪತ್ತಕ್ಕೆ ನಿಲ್ದಾಣಕ್ಕೆ ನಾನೇ ಬರುತ್ತೇನೆ. ಬೈಯುವುದನ್ನೆಲ್ಲ ದಾರಿಯಲ್ಲೇ ಬೈದು ಮುಗಿಸು, ಮನೆಯಲ್ಲಿ ತೋಮಾಸಾ ಹುರಿದ ಕುರಿಮರಿ ಆರಿಹೋಗುತ್ತದೆ. ಅಲ್ಲಿಯ ಸ್ನೇಹಿತರಿಗೆ ನಮ್ಮೆಲ್ಲರ ನೆನಪು ತಿಳಿಸು. ದೇವರ ತಾಯಿ ನಿನ್ನನ್ನು ಕಾಯಲಿ, ಬಳ್ಳಿಗಳನ್ನು ನಾನು ಕಾಯುತ್ತೇನೆ.

ನಿನ್ನ ಚಿಕ್ಕಪ್ಪ,
ಎಲಾದಿಯೋ

ತಾ.ಕ.: ಲಕೋಟೆ ಅಂಟಿಸುವ ಮೊದಲು. ಒಂಬತ್ತರಂದು ನಾನು ಮಲಗಿರಲಿಲ್ಲ. ಗುಡಿಸಲಿನ ಬಾಗಿಲಲ್ಲಿ ನಿಂತಿದ್ದೆ. ಅಬುಂದಿಯೋ ತಿರುವಿನಲ್ಲಿ ಟ್ರ್ಯಾಕ್ಟರ್ ನಿಧಾನ ಮಾಡಿ, ಬಿದ್ದ ಬೋರ್ಡನ್ನು ನೋಡಿ, ನನ್ನ ಕಡೆ ನೋಡಿದ. ನಾನು ಕೈಯೆತ್ತಿ ಬೇಡ ಎಂದಿದ್ದರೆ ಸಾಕಿತ್ತು, ಅಷ್ಟು ಹೊತ್ತು ನಿಂತ. ಆಮೇಲೆ, ಕೈಯಲ್ಲಿ ಎರಡು ರಾಜ ಬಂದವನಂತೆ, ಕೆಳತುಟಿ ಕಚ್ಚಿ ಬಿಟ್ಟ. ಎರಡು ವರ್ಷದ ಮೇಲೆ, ಎಲ್ವಿರಾ. ನನ್ನ ಕೈ ಮೇಲೇಳಲಿಲ್ಲ.